ಹದಿನೇಳನೇ ಮಡಿಯ ಆಫ್ರಿಕಾ

ಸಸಿತೋಟದ ಕೆಲಸಕ್ಕೆ ಹೊಸದಾಗಿ ಸೇರಿದ ಆರು ಮಂದಿ ಹೋದ ತಿಂಗಳು ನನ್ನನ್ನು ನೋಡಲು ಮನೆಗೆ ಬಂದಿದ್ದರು. ಕಾಫಿ ಮುಗಿದ ಮೇಲೆ ಒಬ್ಬಳು, “ಮೇಡಂ, ಈ ಕೆಲಸಕ್ಕೆ ಮುಖ್ಯವಾಗಿ ಏನು ಬೇಕು?” ಎಂದು ಕೇಳಿದಳು. “ಎಣಸಾಕ ಬರಬೇಕವಾ” ಎಂದೆ. ಆರೂ ಮಂದಿ ಗಂಭೀರವಾಗಿ ತಲೆಯಾಡಿಸಿದರು. ಒಬ್ಬ ಅದನ್ನು ಫೋನಿನಲ್ಲಿ ಬರೆದುಕೊಂಡೂ ಬಿಟ್ಟ. ಅವರು ಗೇಟು ದಾಟಿದ ಮೇಲೆ ನನಗೆ ನಗು ತಡೆಯಲಾಗಲಿಲ್ಲ. ನನ್ನ ಮೂವತ್ತೆಂಟು ವರ್ಷದ ಸೇವೆಯ ಅತಿ ದೊಡ್ಡ ಎಡವಟ್ಟು ನಡೆದದ್ದೇ ನಾನು ಬಹಳ ಚೆನ್ನಾಗಿ ಎಣಿಸುತ್ತಿದ್ದುದರಿಂದ. ಅರ್ಧ ಸತ್ಯ ಹೇಳಿ ಕಳಿಸಿದ ಹಾಗಾಯಿತಲ್ಲ ಎಂದು ಮಿಕ್ಕರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೂವತ್ತೆಂಟು ವರ್ಷಕ್ಕೆ ಮೂವತ್ತೆಂಟು ಡೈರಿಗಳಿವೆ. ಬಡ್ತಿಯ ವಿಷಯ ಅವುಗಳಲ್ಲಿ ಒಟ್ಟು ಮೂರು ಸಾಲು, ಅದನ್ನು ಬಿಡುತ್ತೇನೆ. ಬೇಕಾದದ್ದು ಮೊದಲ ಮೂರು ಡೈರಿಗಳು ಮಾತ್ರ.

ನಾನು ಗದಗಿನ ಕಡೆಯವಳು. ಎಪ್ಪತ್ತೊಂಬತ್ತರ ಜನವರಿಯಲ್ಲಿ, ಇಪ್ಪತ್ತೆರಡನೇ ವಯಸ್ಸಿಗೆ, ಅಬ್ಬಿಗೆರೆಯ ಅಂಚಿನಲ್ಲಿದ್ದ ಒಂದು ಸರ್ಕಾರಿ ಸಸಿತೋಟಕ್ಕೆ ಕ್ಷೇತ್ರ ಸಹಾಯಕಿಯಾಗಿ ಬಂದೆ. ಯಶವಂತಪುರದಲ್ಲಿ ಸೋದರತ್ತೆಯ ಮನೆ. ಬೆಳಿಗ್ಗೆ ಪ್ಯಾಸೆಂಜರ್ ರೈಲಿನಲ್ಲಿ ಚಿಕ್ಕಬಾಣಾವರ. ಅಲ್ಲಿಂದ ತೋಟದ ಗೇಟಿಗೆ ಎರಡು ಸಾವಿರದ ಮುನ್ನೂರ ಹನ್ನೆರಡು ಹೆಜ್ಜೆ, ಮಳೆ ಬಂದರೆ ಎರಡು ಸಾವಿರದ ಆರುನೂರರವರೆಗೂ ಹೋಗುತ್ತಿತ್ತು. ಏನು ಕಂಡರೂ ಎಣಿಸುವ ಚಾಳಿ ನನಗೆ ಹುಟ್ಟಿನಿಂದ ಬಂದದ್ದು. ಅತ್ತೆ ಚಪಾತಿ ಬಡಿಸುವಾಗ ತುಟಿ ಅಲ್ಲಾಡಿಸಬೇಡ ಎಂದು ಗದರುತ್ತಿದ್ದಳು.

ತೋಟದ ಮುಖ್ಯಸ್ಥರು ಶ್ರೀಕಂಠಯ್ಯನವರು. ನಾವೆಲ್ಲ ಸಾಹೇಬರು ಎನ್ನುತ್ತಿದ್ದೆವು. ಗಟ್ಟಿ ಗಂಟಲು, ಇಸ್ತ್ರಿ ಮಾಡಿದ ಅಂಗಿ, ಮತ್ತು ಲೇಬಲ್ಲಿನ ಮೇಲೆ ವಿಪರೀತ ಪ್ರೀತಿ. ಅವರು ತೋಟ ಸುತ್ತುವಾಗ ಗಿಡ ನೋಡುತ್ತಿರಲಿಲ್ಲ, ಗಿಡದ ಮುಂದೆ ನೆಟ್ಟ ತಗಡಿನ ಚೀಟಿ ಓದುತ್ತಿದ್ದರು. ಅಕ್ಷರ ನೇರವಾಗಿದ್ದರೆ “ಚೆನ್ನಾಗಿದೆ” ಎಂದು ಮುಂದಿನ ಮಡಿಗೆ ಹೋಗುತ್ತಿದ್ದರು. ಒಮ್ಮೆ ಸತ್ತುಹೋಗಿದ್ದ ನಿಂಬೆ ಸಸಿಗಳ ಮಡಿಯ ಮುಂದೆಯೂ ಚೆನ್ನಾಗಿದೆ ಎಂದಿದ್ದರು. ಚೀಟಿಗೆ ಹಿಂದಿನ ದಿನ ತಾನೇ ಬಣ್ಣ ಬಳಿದಿದ್ದೆವು.

ತೋಟದ ಜೀವ ಎಂದರೆ ಕಸಿ ಕಟ್ಟುವ ಮುನಿಯಪ್ಪ. ಅಬ್ಬಿಗೆರೆಯಲ್ಲೇ ಹುಟ್ಟಿದವರು, ನಲವತ್ತೈದರ ಆಸುಪಾಸು, ನಾನು ಸೇರಿದಾಗಲೇ ಒಂಬತ್ತು ವರ್ಷದಿಂದ ದಿನಗೂಲಿ. ಓದು ಬರಹ ಇಲ್ಲ, ಆದರೆ ಅಂಕಿ ಗೊತ್ತು. ಊರಿನ ಕ್ಷೌರದವರು ಬಿಟ್ಟುಕೊಟ್ಟ ಹಳೆಯ ಕತ್ತಿಯಿಂದ ಬೇರುಗಿಡದ ತಲೆ ಕತ್ತರಿಸಿ, ನಡುವೆ ಸೀಳಿ, ಒಳ್ಳೆಯ ತಳಿಯ ಕುಡಿಯನ್ನು ಆ ಸೀಳಿಗೆ ಕೂರಿಸಿ, ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ ಹಾಳೆಯಿಂದ ಕತ್ತರಿಸಿದ ಪಟ್ಟಿ ಸುತ್ತಿ ಗಂಟು ಹಾಕುವಷ್ಟರಲ್ಲಿ ನಾನು ಐವತ್ತು ಎಣಿಸಿರುತ್ತಿದ್ದೆ. ಬೇರೆಯವರಿಗೆ ನೂರೈವತ್ತು. ಅವರ ಹೆಂಡತಿ ನಂಜಮ್ಮ ನೀರು ಹಾಕುವ ಗುಂಪಿನವಳು. ಗಂಡನ ಕೈಚಳಕ ಇಡೀ ತೋಟ ಹೊಗಳಿದರೂ ಅವಳು ಮಾತ್ರ, “ಮನೇಲಿ ಒಂದು ಗುಂಡಿ ಒಲ್ಕೊಳಾಕೆ ಬರಾಕಿಲ್ಲ ಈ ಮಾರಾಯ್ಗೆ” ಎನ್ನುತ್ತಿದ್ದಳು.

ಜೂನ್ ಹನ್ನೊಂದು, ಸೋಮವಾರ. ಟಾಂಜಾನಿಯಾದಿಂದ ಬೀಜದ ಪೊಟ್ಟಣ ಬಂತು. ನಮ್ಮಿಂದ ಮಾವಿನ ಕಸಿಗಳು ಹೋಗಿದ್ದಕ್ಕೆ ಬದಲಿಯಾಗಿ, ಅಲ್ಲಿನ ಒಬ್ಬ ಸಸ್ಯತಜ್ಞೆ ನೀಮಾ ಎಂಬವರು ಎರಡು ಜಾತಿಯ ಬೀಜ ಕಳಿಸಿದ್ದರು. ಎರಡೂ ಸೀತಾಫಲದ ಕುಟುಂಬದ ಆಫ್ರಿಕಾ ಮರಗಳು. ಒಂದರ ಬೀಜ ಜಾಜಿಕಾಯಿಯಂತೆ ಘಮಘಮಿಸುತ್ತಿತ್ತು. ಇನ್ನೊಂದು ಅಲ್ಲಿನ ಕಾಡು ಸೀತಾಫಲ.

ಮುನಿಯಪ್ಪ ಪೊಟ್ಟಣದೊಳಗೆ ಮೂಗು ತೂರಿಸಿ, “ನಮ್ತಾವ ಸೀತಾಪಲ ಐತೆ, ರಾಮಪಲ ಐತೆ, ಲಕ್ಷ್ಮಣಪಲ ಐತೆ. ಇದ್ಯಾರು ಮೇಡಂ?” ಎಂದರು.

“ನೀವ ಹೇಳ್ರಿ.”

“ಸಮುದ್ರ ದಾಟ್ಕೊಂಡ್ ಬಂದೈತಲ್ಲ, ಇನ್ಯಾರು? ಅನುಮಂತಪ್ಪ!”

ಅವತ್ತಿನಿಂದ ಕಾಡು ಸೀತಾಫಲಕ್ಕೆ ತೋಟದಲ್ಲೆಲ್ಲ ಹನುಮಂತಪ್ಪ ಎಂದೇ ಹೆಸರಾಯಿತು.

ಮೊದಲು ಆ ಘಮಘಮದ ಬೀಜದ ಕಥೆ ಮುಗಿಸಿಬಿಡುತ್ತೇನೆ, ಏಕೆಂದರೆ ಅದು ಬೇಗ ಮುಗಿಯಿತು. ನಮ್ಮಲ್ಲಿ ಸೀತಾಫಲದ ಬೀಜವನ್ನು ಬಿತ್ತುವ ಮುಂಚೆ ಒಣಗಿಸುವುದು ರೂಢಿ. ನಾನು ಐವತ್ತೊಂದು ಬೀಜವನ್ನೂ ಮೂರು ದಿನ ಮೊರದಲ್ಲಿ ಹರಡಿ, ದಿನಕ್ಕೆ ನಾಲ್ಕು ಸಲ ಮಗುಚಿ, ಪ್ರತಿ ಸಲವೂ ಡೈರಿಯಲ್ಲಿ ಗುರುತು ಹಾಕಿ ಒಣಗಿಸಿದೆ. ನಲವತ್ತು ಬಿತ್ತಿ ಹನ್ನೊಂದನ್ನು ಜೋಪಾನವಾಗಿ ಇಟ್ಟೆ. ತೊಂಬತ್ತೆರಡು ದಿನ ಕಾದೆ. ಮೊಳೆತದ್ದು ಸೊನ್ನೆ. ಕೊನೆಗೆ ಸಾಹೇಬರು ಯಾವುದೋ ಕಾರಣಕ್ಕೆ ಫೈಲು ತೆಗೆದಾಗ ಪೊಟ್ಟಣದ ಜೊತೆ ಬಂದಿದ್ದ ಪತ್ರ ಕಂಡಿತು. ಮೊದಲ ಸಾಲೇ, ಈ ಬೀಜ ಒಣಗಲು ಬಿಡಬೇಡಿ, ಒಣಗಿದರೆ ಸಾಯುತ್ತದೆ, ಎಂದಿತ್ತು. ಆಗ ನಮ್ಮಲ್ಲಿ ಪತ್ರ ಫೈಲಿಗೆ, ಬೀಜ ತೋಟಕ್ಕೆ. ಅವೆರಡರ ಭೇಟಿ ಮಾಡಿಸುವವರು ಯಾರೂ ಇರಲಿಲ್ಲ. ಹೊಸಬರಿಗೆ ಹೇಳುತ್ತೇನೆ, ಪೊಟ್ಟಣ ಬಿಚ್ಚಿದ ತಕ್ಷಣ ಪತ್ರ ಓದಿಸಿಕೊಂಡೇ ಮೊರ ಹುಡುಕಿ.

ಉಳಿದ ಹನ್ನೊಂದು ಬೀಜ ನನ್ನ ಮೇಜಿನ ಮೇಲೆ ಘಮಘಮಿಸುತ್ತ ಬಿದ್ದಿದ್ದವು. ಒಂದು ಮಧ್ಯಾಹ್ನ ಅವು ಕಾಣಲಿಲ್ಲ. ನಂಜಮ್ಮ ತೋಟದ ಒಲೆಯ ಮೇಲೆ ಎಲ್ಲರಿಗೂ ಬಸ್ಸಾರು ಮಾಡಿದ್ದಳು, ಮಸಾಲೆಗೆ ಅದನ್ನೂ ಸೇರಿಸಿ ರುಬ್ಬಿದ್ದಳು. “ಎಂಗೂ ಸತ್ತೋಗವೆ ಅಂದ್ರಲ್ಲ, ಸುಮ್ನೆ ಬಿಸಾಕೋದ್ಯಾಕೆ ಅಂತ” ಎಂದಳು. ಸಾಹೇಬರು ಕೂಡ ಒಂದು ಲೋಟ ತರಿಸಿಕೊಂಡು ಕುಡಿದು, ಇನ್ನೊಂದು ಲೋಟ ತರಿಸಿಕೊಂಡರು. ಮೂರನೆಯದಕ್ಕೆ ನಾನು ಧೈರ್ಯ ಮಾಡಿ ವಿಷಯ ಹೇಳಿದೆ. ಅವರು ಲೋಟವನ್ನೇ ನೋಡುತ್ತ ಕುಳಿತರು. ಆಮೇಲೆ, “ಪತ್ರದಲ್ಲಿ ತಿನ್ನಬಹುದು ಅಂತ ಇದೆಯಾ?” ಎಂದರು. ಇತ್ತು. “ಹಾಗಿದ್ರೆ ಬಡಿಸಿ” ಎಂದರು.

ಹನುಮಂತಪ್ಪನ ಬೀಜ ಅರವತ್ತು. ಈ ಸಲ ಪತ್ರವನ್ನು ಮೂರು ಸಲ ಓದಿ ಬಿತ್ತಿದ್ದೆ. ಮೂವತ್ತೆಂಟನೇ ದಿನ ಮೊದಲನೆಯದು ತಲೆ ಎತ್ತಿತು. ಬೀಜದ ಕರೀ ಟೊಪ್ಪಿಗೆ ಇನ್ನೂ ತಲೆಯ ಮೇಲೆಯೇ ಇತ್ತು. ನಾನು ಮಡಿಯ ಮುಂದೆ ಕುಪ್ಪಳಿಸಿದೆ, ಹೌದು, ಸೀರೆಯಲ್ಲಿ. ಐವತ್ತಾರನೇ ದಿನಕ್ಕೆ ಇಪ್ಪತ್ಮೂರು. ಅಲ್ಲಿಗೆ ನಿಂತಿತು. ಇಪ್ಪತ್ಮೂರಕ್ಕೂ ಒಂದೊಂದು ಚೀಲ, ಒಂದೊಂದು ಸಂಖ್ಯೆ, ಹದಿನೇಳನೇ ಮಡಿಯಲ್ಲಿ ಸಾಲು. ವಾರಕ್ಕೊಮ್ಮೆ ಎತ್ತರ, ಎಲೆ, ಕಾಂಡದ ದಪ್ಪ. ಮಳೆಗಾಲದಲ್ಲಿ ಭಾನುವಾರವೂ ಹೋಗಿ ನೋಡಿ ಬರುತ್ತಿದ್ದೆ. ಎಲೆ ಉಜ್ಜಿದರೆ ಒಂದು ವಾಸನೆ ಬರುತ್ತಿತ್ತು, ಆ ವಾಸನೆಗೆ ಸುಮ್ಮಸುಮ್ಮನೆ ಖುಷಿಯಾಗುತ್ತಿತ್ತು. ಅತ್ತೆ, “ಹೆಣ್ಣು ನೋಡಾಕ ಬರೋರಿಗೂ ಇಷ್ಟು ಆಸ್ಥೆಯಿಂದ ತಯಾರಾಗೂದಿಲ್ಲ ಈಕಿ” ಎಂದು ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದಳು.

ಈಗ ನಮ್ಮ ತೋಟದ ಒಂದು ಪದ್ಧತಿ ಹೇಳಬೇಕು. ಶೆಡ್ಡಿನ ಗೋಡೆಯ ಮೇಲೆ ಒಂದು ಕರಿಹಲಗೆ ಇತ್ತು. ಯಾವ ಮಡಿಯ ಬೇರುಗಿಡಗಳ ಕಾಂಡ ಪೆನ್ಸಿಲ್ ದಪ್ಪಕ್ಕೆ ಬಂದಿದೆಯೋ ಆ ಮಡಿಯ ಸಂಖ್ಯೆಯನ್ನು ಕ್ಷೇತ್ರ ಸಹಾಯಕಿ ಹಲಗೆಯ ಮೇಲೆ ಬರೆಯಬೇಕು. ಅದೇ ಆಜ್ಞೆ. ಮುನಿಯಪ್ಪ ಬೆಳಿಗ್ಗೆ ಹಲಗೆ ನೋಡುತ್ತಾರೆ, ಕತ್ತಿ ಮಸೆಯುತ್ತಾರೆ, ಆ ಮಡಿಗೆ ಹೋಗಿ ಕಸಿ ಕಟ್ಟುತ್ತಾರೆ. ಬೇರೆ ಮಾತಿಲ್ಲ, ಕಾಗದವಿಲ್ಲ.

ಪೊಟ್ಟಣ ಬಂದು ಇಪ್ಪತ್ತು ತಿಂಗಳು ಕಳೆದು ಎಂಬತ್ತೊಂದರ ಫೆಬ್ರವರಿ ಬಂತು. ನನ್ನ ತಂಗಿಯ ಮದುವೆಗೆ ಐದು ದಿನ ರಜೆ ಹಾಕಿದ್ದೆ. ಹೊರಡುವ ಮುನ್ನಾದಿನ ಎಲ್ಲ ಮಡಿಗಳ ದಪ್ಪ ಅಳೆದು ಪಟ್ಟಿ ಮಾಡಿದೆ. ರೈಲಿಗೆ ಹೊತ್ತಾಗಿತ್ತು. ಪೆನ್ಸಿಲ್ ದಪ್ಪ ಮುಟ್ಟಿದ ಮಡಿಗಳನ್ನು ಪಟ್ಟಿ ನೋಡಿ ನೋಡಿ ಹಲಗೆಗೆ ಏರಿಸಿದೆ. ನಾಲ್ಕು, ಒಂಬತ್ತು, ಹನ್ನೆರಡು, ಹದಿನೇಳು. ಒಂದೂ ತಪ್ಪಿಲ್ಲ. ಕೈಯ ಸೀಮೆಸುಣ್ಣ ಕೊಡವಿಕೊಂಡು, ಎರಡೆರಡು ಸಲ ತಾಳೆ ನೋಡಿ, ಎಷ್ಟು ಅಚ್ಚುಕಟ್ಟಾದ ಹುಡುಗಿ ನಾನು ಎಂದು ಹೆಮ್ಮೆಪಡುತ್ತ ರೈಲು ಹಿಡಿದೆ.

ಮದುವೆಯಲ್ಲಿ ನನಗೆ ಕಾಮಾಲೆ ಹಿಡಿಯಿತು. ಐದು ದಿನದ ರಜೆ ನಲವತ್ತೊಂದು ದಿನವಾಯಿತು.

ಮಾರ್ಚ್ ಇಪ್ಪತ್ತಾರು, ಗುರುವಾರ, ಗೇಟಿನೊಳಗೆ ಕಾಲಿಟ್ಟಾಗ ಮುನಿಯಪ್ಪ ತಲೆಯ ಟವೆಲ್ ಕೈಗೆ ತೆಗೆದುಕೊಂಡು ಓಡಿಬಂದರು.

“ಬಂದ್ರಾ ಮೇಡಂ! ಏನ್ ಇಂಗೆ ಸೊರಗೋಗಿದ್ದೀರ? ಬನ್ನಿ ಬನ್ನಿ, ಮೊದ್ಲು ಒಂದು ತೋರುಸ್ಬೇಕು. ಇಪ್ಪತ್ಮೂರಕ್ಕೆ ಇಪ್ಪತ್ಮೂರು! ಒಂದೂ ಓಗಿಲ್ಲ! ನಮ್ಮಪ್ಪನ ಕಾಲ್ದಲ್ಲೂ ಇಂಗೆ ಕಚ್ಕೊಂಡಿದ್ದಿಲ್ಲ!”

ಇಪ್ಪತ್ಮೂರು ಎಂದ ಕೂಡಲೇ ಅವರನ್ನು ದಾಟಿ ಓಡಿದೆ. ಹದಿನೇಳನೇ ಮಡಿಯ ಮುಂದೆ ನಿಂತೆ. ಇಪ್ಪತ್ಮೂರು ಚೀಲ, ಇಪ್ಪತ್ಮೂರು ಪ್ಲಾಸ್ಟಿಕ್ ಪಟ್ಟಿ, ಪಟ್ಟಿಗಳ ಮೇಲೆ ಇಪ್ಪತ್ಮೂರು ಎಳೆಯ ಕುಡಿ. ನಮ್ಮ ಊರ ಸೀತಾಫಲದ ಎಲೆಗಳು ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದವು. ಕೆಳಗೆ ಒಂದು ಗೇಣು ಆಫ್ರಿಕಾ, ಮೇಲೆಲ್ಲ ಅಬ್ಬಿಗೆರೆ.

“ಅಯ್ಯ ನನ್ನ ಶಿವನ! ಮುನಿಯಪ್ಪಾರ, ಇವು ಆಫ್ರಿಕಾದ್ದವರೀ!”

“ಗೊತ್ತು ಮೇಡಂ. ಅದುಕ್ಕೇ ಒಳ್ಳೊಳ್ಳೆ ಕುಡಿ ಆರ್ಸಿ ಆರ್ಸಿ ಆಕಿವ್ನಿ.”

“ಹಾಕಬಾರದಿತ್ರೀ! ಇವನ್ನ ಹಂಗ ಬೆಳಸಬೇಕಿತ್ತು! ಇಡೀ ತೋಟದಾಗ ಇರೂವು ಇವ ಇಪ್ಪತ್ಮೂರು!”

ಮುನಿಯಪ್ಪ ಶೆಡ್ಡಿನ ಕಡೆ ಕೈ ತೋರಿಸಿದರು. ಹಲಗೆಯ ಮೇಲೆ ನನ್ನದೇ ಕೈಬರಹದ ಹದಿನೇಳು ಇನ್ನೂ ಅಳಿಸಿರಲಿಲ್ಲ. ಅಡಿಯಲ್ಲಿ ಒಂದು ಗೆರೆಯನ್ನೂ ಎಳೆದಿದ್ದೆ, ಅಂದಕ್ಕೆ.

ನಾನು ಮಡಿಯ ಬದುವಿನ ಮೇಲೆ ಕುಸಿದು ಕುಳಿತೆ. ಅಳು ಬರಬೇಕಿತ್ತು, ನಗು ಬಂತು. ಒಂದು ಸಲ ಶುರುವಾದದ್ದು ನಿಲ್ಲಲೇ ಇಲ್ಲ. ನಂಜಮ್ಮ ಕೊಡದಲ್ಲಿದ್ದ ನೀರನ್ನು ನನ್ನ ನೆತ್ತಿಯ ಮೇಲೆ ಸುರಿದು, “ಕಾಮಾಲೆ ತಲೆಗೇರೈತೆ, ಇಡ್ಕಳ್ರೋ!” ಎಂದು ಕೂಗಿದಳು.

ನೀರು ಇಳಿದ ಮೇಲೆ ಬುದ್ಧಿ ಬಂತು. ಸಾಹೇಬರಿಗೆ ಹೇಳಿಬಿಡೋಣ ಎಂದು ಎದ್ದೆ. ಮುನಿಯಪ್ಪ ಅಡ್ಡ ನಿಂತರು. ಆಗ ಅವರ ಮುಖದಲ್ಲಿ ಬೆಳಿಗ್ಗೆಯ ಸಂಭ್ರಮ ಒಂದಿಷ್ಟೂ ಉಳಿದಿರಲಿಲ್ಲ.

“ಮೇಡಂ, ಕಾಯಂ ಮಾಡೋರ ಪಟ್ಟಿ ಸಾಯೇಬ್ರ ಮೇಜಿನ ಮ್ಯಾಲೈತೆ. ಅದ್ರಲ್ಲಿ ನನ್ ಎಸ್ರು ಐತೆ. ಅನ್ನೊಂದು ವರ್ಸ ಆದ್ಮ್ಯಾಲೆ ಬಂದೈತೆ. ಒಂದು ಕಪ್ಪು ಚುಕ್ಕೆ ಬಿದ್ರೆ ಗೀಟು ಎಳೀತಾರೆ. ಗೀಟು ಬಿದ್ದೋರು ಯಾರೂ ತಿರ್ಗ ಪಟ್ಟಿಗೆ ಬಂದಿದ್ದು ನಾ ಕಾಣೆ.”

ತಪ್ಪು ನನ್ನದು. ಆದರೆ ಸರ್ಕಾರಿ ತೋಟದಲ್ಲಿ ತಪ್ಪು ಯಾವಾಗಲೂ ಕತ್ತಿ ಹಿಡಿದವನ ಹತ್ತಿರ ಹೋಗುತ್ತದೆ, ಸೀಮೆಸುಣ್ಣ ಹಿಡಿದವರ ಹತ್ತಿರ ಅಲ್ಲ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಮೇಲಾಗಿ, ಬೀಜ ಕಳಿಸಿದ ನೀಮಾ ಅವರೇ ಜೂನ್ ಮೊದಲ ವಾರ ಬೆಂಗಳೂರಿಗೆ ಬರುತ್ತಿದ್ದಾರೆ, ತಮ್ಮ ಗಿಡ ನೋಡಲು ನಮ್ಮ ತೋಟಕ್ಕೂ ಬರುತ್ತಾರೆ ಎಂದು ಪತ್ರ ಬಂದಿತ್ತು.

“ಕಸಿ ಬಿಚ್ಚಾಕ ಬರ್ತದೇನ್ರಿ?” ಎಂದೆ.

“ಕಸಿ ಬಿಚ್ಚೋದಾ? ಅದೇನ್ ಜಡೆನಾ ಮೇಡಂ?” ಎಂದರು. ಆಮೇಲೆ ಒಂದು ಚೀಲದ ಪಕ್ಕ ಕುಳಿತು, “ಕಸಿ ಕಟ್ಟಿದ ಗಂಟಿನ ಕೆಳಗೆ ಕಡುದ್ಬಿಟ್ರೆ ಬುಡದಾಗೆ ಚಿಗುರ್ಬೋದು. ಚಿಗುರ್ದೇನೂ ಇರ್ಬೋದು. ಚಿಗುರಿದ್ರೆ ಅದು ಅನುಮಂತಪ್ಪಂದೇ” ಎಂದರು.

ಸಾಹೇಬರಿಗೆ ಚಿಗುರು ಕಂಡ ಮೇಲೆ ಹೇಳುವುದು ಎಂದು ಒಪ್ಪಿಕೊಂಡೆವು. ಒಳಗೆ ಮಾತ್ರ ನನಗೆ ಸಮಾಧಾನವಿರಲಿಲ್ಲ. ಡೈರಿಯಲ್ಲಿ ಆ ದಿನ ಒಂದೇ ಸಾಲಿದೆ: ಬರೆದವಳು ನಾನು.

ಏಪ್ರಿಲ್ ಎರಡು, ಗುರುವಾರ. ಮುನಿಯಪ್ಪ ತಮ್ಮ ಜೀವಮಾನದ ಅತ್ಯುತ್ತಮ ಕೆಲಸವನ್ನು ತಾವೇ ಕಡಿದರು. ಒಂದೊಂದು ಕಡಿದಾಗಲೂ “ಕ್ಷಮ್ಸಪ್ಪಾ” ಎನ್ನುತ್ತಿದ್ದರು, ಸೀತಾಫಲಕ್ಕೋ ಹನುಮಂತಪ್ಪನಿಗೋ ತಿಳಿಯಲಿಲ್ಲ. ಇಪ್ಪತ್ತೆರಡು ಆದ ಮೇಲೆ ನಿಂತುಬಿಟ್ಟರು. ಇಪ್ಪತ್ಮೂರನೆಯ ಗಿಡದ ಕುಡಿಯಲ್ಲಿ ಆರು ಎಲೆ ಬಂದಿದ್ದವು. “ಇದೊಂದು ಇರ್ಲಿ ಮೇಡಂ. ಕೈ ಬರ್ತಾ ಇಲ್ಲ.” ನನಗೂ ಬರುತ್ತಿರಲಿಲ್ಲ. ಬಿಟ್ಟೆವು.

ಆಮೇಲೆ ಕಾಯುವುದು. ಹದಿನೈದು ದಿನ ಇಪ್ಪತ್ತೆರಡು ಮೋಟು ಕಡ್ಡಿಗಳು ಊದುಬತ್ತಿಯಂತೆ ನಿಂತಿದ್ದವು. ಸಾಹೇಬರು ಎರಡು ಸಲ ಹಾದುಹೋದರು. ಚೀಟಿ ಓದಿ ಚೆನ್ನಾಗಿದೆ ಎಂದರು. ಹದಿನಾರನೇ ದಿನ ಒಂಬತ್ತನೇ ಚೀಲದಲ್ಲಿ ಸಾಸಿವೆಯಷ್ಟು ಹಸಿರು. ನಾನು ನಂಜಮ್ಮನನ್ನು ತಬ್ಬಿಕೊಂಡು ಎರಡು ಸುತ್ತು ತಿರುಗಿದೆ, ಅವಳ ಕೊಡ ಒಡೆಯಿತು. ಇಪ್ಪತ್ತನೇ ದಿನಕ್ಕೆ ಐದು, ಇಪ್ಪತ್ತೇಳಕ್ಕೆ ಹನ್ನೊಂದು. ಸಾಹೇಬರಿಗೆ ಇವತ್ತು ಹೇಳುತ್ತೇನೆ ಎಂದು ದಿನಾ ಹೊರಡುತ್ತಿದ್ದೆ, ಇನ್ನೆರಡು ಚಿಗುರಲಿ ಎಂದು ದಿನಾ ವಾಪಸು ಬರುತ್ತಿದ್ದೆ. ಹನ್ನೊಂದು ಕಂಡ ಮೇಲೂ ಬಾಯಿ ಬಿಡದಿದ್ದುದಕ್ಕೆ ನನ್ನ ಹತ್ತಿರ ಸಬೂಬು ಇಲ್ಲ. ಹೆದರಿಕೆ, ಅಷ್ಟೇ.

ಈ ನಡುವೆ ಹೊಸ ಪೇಚು ಶುರುವಾಯಿತು. ಕಸಿ ಕಟ್ಟುವವರ ಬೆರಳಿಗೆ ಒಂದು ಚಾಳಿಯಿರುತ್ತದೆ. ಗಂಟಿನ ಕೆಳಗೆ ಚಿಗುರು ಕಂಡರೆ ಚಿವುಟಿಬಿಡುವುದು. ಬೇರುಗಿಡದ ಚಿಗುರು ಬೆಳೆದರೆ ಮೇಲಿನ ಒಳ್ಳೆಯ ಕುಡಿ ಸಾಯುತ್ತದಲ್ಲ, ಅದಕ್ಕೆ. ಮುನಿಯಪ್ಪನ ಬೆರಳು ಹನ್ನೊಂದು ವರ್ಷ ಅದನ್ನೇ ಮಾಡಿತ್ತು. ಈಗ ಅದೇ ಚಿಗುರನ್ನು ಕಾಪಾಡಬೇಕು. ಅವರು ಮಡಿಯ ಹತ್ತಿರ ಬರುವಾಗ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬರುತ್ತಿದ್ದರು, ಶಾಲೆಯ ತನಿಖೆಗೆ ಬಂದ ಇನ್‌ಸ್ಪೆಕ್ಟರನ ಹಾಗೆ. ನಂಜಮ್ಮ, “ಕೋಳ ಆಕ್ಸಿ ಮೇಡಂ, ಈ ಮನುಸ್ಯನ್ನ ನಂಬ್ಬ್ಯಾಡಿ” ಎನ್ನುತ್ತಿದ್ದಳು.

ಒಂದು ದಿನ ಅಬ್ಬಿಗೆರೆ ಕೆರೆಯ ಮೀನಿನ ವಿಷಯ ಹೇಳುತ್ತ ಹೇಳುತ್ತ ಮಡಿಯ ಪಕ್ಕ ಕುಳಿತರು. ಮಾತಿನ ಭರದಲ್ಲಿ ಕೈ ಮುಂದೆ ಬಂತು. ಟಕ್. ನಾಲ್ಕನೇ ಚೀಲದ ಚಿಗುರು ಅವರ ಹೆಬ್ಬೆರಳು ತೋರುಬೆರಳಿನ ನಡುವೆ ಇತ್ತು. ಇಬ್ಬರೂ ಅದನ್ನು ನೋಡಿದೆವು.

“ನಾನಲ್ಲ ಮೇಡಂ,” ಎಂದರು ಮುನಿಯಪ್ಪ, “ಕೈ.”

ಅದು ಮತ್ತೆ ಚಿಗುರಲಿಲ್ಲ. ಜೂನ್ ನಾಲ್ಕಕ್ಕೆ ಲೆಕ್ಕ ಹೀಗಿತ್ತು: ಚಿಗುರಿದ್ದು ಹದಿನಾರು, ಸತ್ತದ್ದು ಆರು, ತಲೆ ಉಳಿಸಿಕೊಂಡದ್ದು ಒಂದು. ಮರುದಿನ ನೀಮಾ ಅವರ ಭೇಟಿ.

ಅತಿಥಿ ಬರುವವರೆಂದು ಸಾಹೇಬರು ಅವತ್ತು ಮಧ್ಯಾಹ್ನ ಖುದ್ದಾಗಿ ತನಿಖೆಗೆ ಬಂದರು. ಚೀಟಿ ಓದಿದರು, ಚೆನ್ನಾಗಿದೆ ಎಂದರು. ಎರಡು ಹೆಜ್ಜೆ ಹೋದವರು ತಿರುಗಿ ಬಂದರು. ನಾನು ನೋಡುತ್ತಿದ್ದಂತೆಯೇ ಅವರ ಕಣ್ಣು ಚೀಟಿಯಿಂದ ಮೇಲಕ್ಕೆ ಎದ್ದಿತು.

“ಏನ್ರೀ ಗಿರಿಜಾ, ಇವುಗಳ ತಲೆ ಎಲ್ಲಿ?”

ಮುನಿಯಪ್ಪ ಹತ್ತಡಿ ದೂರದಲ್ಲಿ ಕತ್ತಿ ಮಸೆಯುತ್ತಿದ್ದರು. ಮಸೆಯುವ ಸದ್ದು ನಿಂತಿತು.

ನಾನು ಎಲ್ಲ ಹೇಳಿದೆ, ದಿನಾಂಕದ ಸಮೇತ. ಸಾಹೇಬರ ಮುಖ ಕೆಂಪಾಯಿತು. “ಕಸಿ ಕಟ್ಟಿದ್ದು ಯಾರು? ಮುನಿಯಪ್ಪ ತಾನೆ? ಆಫ್ರಿಕಾ ಅಂತ ಇಷ್ಟು ದೊಡ್ಡದಾಗಿ ಚೀಟಿ ಇದೆಯಲ್ರೀ! ತರಿಸ್ರೀ ಆ ಕಾಯಂ ಪಟ್ಟಿನ!”

“ಸರ, ಅವರಿಗೆ ಚೀಟಿ ಓದಾಕ ಬರೂದಿಲ್ರಿ. ಹಲಗಿ ಓದಾಕ ಬರ್ತದ. ಹಲಗಿ ಮ್ಯಾಲೆ ಬರದಾಕಿ ನಾನು. ಹಲಗಿ ನೋಡಿ ಕಸಿ ಮಾಡಲಿಲ್ಲಂದ್ರ ಅವರಿಗೆ ಮೆಮೊ ಕೊಡ್ತೀರಿ. ಮಾಡಿದ್ರೂ ಗೀಟು ಎಳೀತೀರಿ. ಹೆಂಗ್ ಬದುಕಬೇಕ್ರಿ ಅವರು? ಗೀಟು ಎಳೀಬೇಕಂದ್ರ ನನ್ನ ಹೆಸರ ಮ್ಯಾಲೆ ಎಳೀರಿ.”

ನನ್ನ ಧ್ವನಿ ಅಷ್ಟು ದೊಡ್ಡದಿದೆ ಎಂದು ನನಗೇ ಗೊತ್ತಿರಲಿಲ್ಲ. ಸಾಹೇಬರಿಗೂ ಗೊತ್ತಿರಲಿಲ್ಲ. ಆಮೇಲೆ ಅವರ ಮುಖದ ಬಣ್ಣ ನಿಧಾನವಾಗಿ ಬದಲಾಯಿತು, ಏನೋ ನೆನಪಾದವರ ಹಾಗೆ.

“ಮಾರ್ಚ್ ವರದಿ ನಾನು ಕಳಿಸಿದೆನಲ್ಲ. ಇವುಗಳ ಬಗ್ಗೆ ಏನು ಬರೆದಿದ್ದೆ?”

ಕಚೇರಿಯ ಪ್ರತಿ ಮಾಡಿಟ್ಟವಳು ನಾನೇ. ಬಾಯಿಪಾಠ ಇತ್ತು. “ಆಫ್ರಿಕಾದ ಸಸಿಗಳು ಹೊಸ ವಾತಾವರಣಕ್ಕೆ ಒಗ್ಗಿದ್ದು, ಹೊಸ ಎಲೆಗಳು ಹುಲುಸಾಗಿ ಬಂದಿವೆ ಅಂತ ಬರದೀರಿ ಸರ. ನೀವ ಖುದ್ದು ನೋಡಿದ್ದಾಗಿ.”

“ಅದು ಯಾವ ಎಲೆ?”

“ಸೀತಾಫಲದ್ದು ಸರ. ನಮ್ಮ ಊರಿಂದು.”

ಸಾಹೇಬರು ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಕರವಸ್ತ್ರ ಮುಖದಿಂದ ಕೆಳಗೆ ಬರಲೇ ಇಲ್ಲ. ಹೆಗಲು ಕುಣಿಯತೊಡಗಿತು. ಅವರಿಗೆ ಏನೋ ಆಯಿತೆಂದು ನಂಜಮ್ಮ ಕೊಡ ಎತ್ತಿದಳು, ನಾನು ಓಡಿಹೋಗಿ ಹಿಡಿದೆ. ಸಾಹೇಬರು ನಗುತ್ತಿದ್ದರು. ಎರಡೂವರೆ ವರ್ಷದಲ್ಲಿ ಅವರ ನಗು ಕೇಳಿದ್ದು ಅದೇ ಮೊದಲು. ಕೋಳಿ ಕೂಗಿದ ಹಾಗಿತ್ತು.

ಮರುದಿನ ನೀಮಾ ಅವರು ಬಂದರು. ಎತ್ತರದ ಹೆಂಗಸು, ಹಳದಿ ಬಟ್ಟೆ, ದೊಡ್ಡ ಹೆಜ್ಜೆ. ಸಾಹೇಬರು ಇಂಗ್ಲಿಷಿನಲ್ಲಿ ನಡೆದದ್ದೆಲ್ಲವನ್ನೂ ತಾವೇ ಹೇಳಿದರು, ತಮ್ಮ ವರದಿಯ ಭಾಗವನ್ನೂ ಬಿಡದೆ. ಆಕೆ ಕೇಳುತ್ತ ಕೇಳುತ್ತ ಬದುವಿನ ಮೇಲೆ ಕುಳಿತು ನಗತೊಡಗಿದರು. ಒಂಬತ್ತನೇ ಗಿಡದ ಒಂದೆಲೆ ಕಿತ್ತು ಉಜ್ಜಿ ಮೂಸಿ, ಕಣ್ಣು ಮುಚ್ಚಿ, “ತೊಪೆತೊಪೆ” ಎಂದರು. ಅವರ ಭಾಷೆಯಲ್ಲಿ ಆ ಮರದ ಹೆಸರು ಹೆಚ್ಚುಕಡಿಮೆ ಹಾಗೆಯೇ ಇತ್ತು. ಮುನಿಯಪ್ಪನಿಗೆ ಆ ಶಬ್ದ ಎಷ್ಟು ಹಿಡಿಸಿತೆಂದರೆ ಕೈಕಟ್ಟಿ ನಿಂತಲ್ಲೇ ಮೂರು ಸಲ ಮೆಲ್ಲಗೆ ಹೇಳಿಕೊಂಡರು.

ನೀಮಾ ಇಪ್ಪತ್ಮೂರನೇ ಗಿಡದ ಮುಂದೆ ಬಹಳ ಹೊತ್ತು ನಿಂತರು. ಈ ಮರದ ಮೇಲೆ ಯಾರಾದರೂ ಹೀಗೆ ಕಸಿ ಕಟ್ಟಿದ್ದನ್ನು ತಾವು ಕಂಡಿಲ್ಲವೆಂದೂ, ಇಪ್ಪತ್ಮೂರಕ್ಕೆ ಇಪ್ಪತ್ಮೂರು ಕಚ್ಚಿದ್ದು ನಿಜವೇ ಎಂದೂ ಕೇಳಿದರು. ನಾನು ಡೈರಿ ತೋರಿಸಿದೆ. “ಕಟ್ಟಿದವರು ಯಾರು?” ಎಂದರು. ಮುನಿಯಪ್ಪನನ್ನು ತೋರಿಸಿದೆವು. ತಮ್ಮೆದುರು ಒಂದು ಕಟ್ಟಿ ತೋರಿಸಬೇಕೆಂದು ಕೇಳಿದರು. ಮುನಿಯಪ್ಪ ಐದನೇ ಮಡಿಯ ಒಂದು ಬೇರುಗಿಡ ತಂದು ಕುಕ್ಕರಗಾಲಲ್ಲಿ ಕುಳಿತರು. ನಾನು ಎಣಿಸಿದೆ. ನಲವತ್ತೊಂದಕ್ಕೆ ಗಂಟು ಬಿತ್ತು. ನೀಮಾ ಮುನಿಯಪ್ಪನ ಎರಡೂ ಕೈ ಹಿಡಿದು ಕುಲುಕಿದರು. ಹೆಂಡತಿಯ ಎದುರು ಬೇರೆ ಹೆಂಗಸು ಕೈ ಹಿಡಿದದ್ದಕ್ಕೆ ಮುನಿಯಪ್ಪ ನಾಚಿ ನೆಲ ನೋಡಿದರು. ನಂಜಮ್ಮ ಹಿಂದಿನಿಂದ, “ಗುಂಡಿ ಒಲ್ಯಾಕೂ ಏಳ್ಕೊಡವ್ವ” ಎಂದಳು. ಅದನ್ನು ಅನುವಾದ ಮಾಡಿ ಹೇಳಬೇಕಾದ ಫಜೀತಿ ನನ್ನದಾಯಿತು.

ಸಾಹೇಬರು ನನಗೆ ಮೆಮೊ ಕೊಟ್ಟರು. ನಾಲ್ಕು ಸಾಲು: ಅಜಾಗರೂಕತೆ, ಇನ್ನು ಮುಂದೆ ಎಚ್ಚರ. ಸಹಿ ಮಾಡಿ ತೆಗೆದುಕೊಂಡೆ. ಮುನಿಯಪ್ಪನ ಹೆಸರಿಗೆ ಗೀಟು ಎಳೆದರೋ ಇಲ್ಲವೋ ಹೇಳಲಿಲ್ಲ. ಪಟ್ಟಿ ದೊಡ್ಡ ಕಚೇರಿಗೆ ಹೋಯಿತು. ಜೂನ್ ಕಳೆಯಿತು, ಜುಲೈ ಕಳೆಯಿತು. ಮುನಿಯಪ್ಪ ಕೇಳುತ್ತಿರಲಿಲ್ಲ, ನಾನು ಹೇಳುತ್ತಿರಲಿಲ್ಲ. ಟಪಾಲಿನವನ ಸೈಕಲ್ ಗಂಟೆ ಕೇಳಿದರೆ ಮಾತ್ರ ಮಸೆಯುವ ಸದ್ದು ನಿಲ್ಲುತ್ತಿತ್ತು.

ಆಗಸ್ಟ್ ಎಂಟು, ಶನಿವಾರ ಮಧ್ಯಾಹ್ನ ಆದೇಶ ಬಂತು. ಸಾಹೇಬರು ಅದನ್ನು ನನ್ನ ಕೈಗೆ ಕೊಟ್ಟು, “ನೀವೇ ಓದಿ ಹೇಳಿ. ನಿಧಾನವಾಗಿ ಓದಿ, ಮೊದಲನೇ ಸಾಲಿನಿಂದ” ಎಂದರು. ಓದಿದೆ. ಹೆಸರು ಇತ್ತು. ಮುನಿಯಪ್ಪ ಇನ್ನೊಂದು ಸಲ ಓದಿಸಿದರು. ಆಮೇಲೆ ಕಾಗದ ಇಸಿದುಕೊಂಡು ತಮ್ಮ ಹೆಸರು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿಕೊಂಡರು. ನಂಜಮ್ಮ ಏನೂ ಅನ್ನಲಿಲ್ಲ. ಅವಳು ಏನೂ ಅನ್ನದೇ ಇದ್ದ ದಿನ ನನ್ನ ಡೈರಿಗಳಲ್ಲಿ ಅದೊಂದೇ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಎಂದಿನಂತೆ ಶೆಡ್ಡಿನ ಮುಂದೆ ದಿನಗೂಲಿಯವರು ಸಾಲಾಗಿ ನಿಂತರು. ಅವರ ಹಾಜರಿ ನಾನು ಕೂಗಬೇಕು. ಕಾಯಂ ಆದವರು ಈ ಸಾಲಿಗೆ ಬರುವಂತಿಲ್ಲ, ಅವರು ಕಚೇರಿಯೊಳಗಿನ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಿದರಾಯಿತು. ಆದರೆ ನನ್ನ ಕೈಯ ಹಾಜರಿ ಪುಸ್ತಕದಲ್ಲಿ ಹಳೆಯ ಪುಟವೇ ಇತ್ತು, ನನ್ನ ನಾಲಗೆಗೂ ಹಳೆಯ ರೂಢಿಯೇ ಇತ್ತು. ಆರನೇ ಹೆಸರಿಗೆ ಬಂದಾಗ ತನ್ನಷ್ಟಕ್ಕೆ ಬಾಯಿಂದ ಬಂತು: “ಮುನಿಯಪ್ಪ!”

ಉತ್ತರವಿಲ್ಲ. ತಲೆ ಎತ್ತಿದೆ. ಮುನಿಯಪ್ಪ ಸಾಲಿನಲ್ಲಿರಲಿಲ್ಲ. ಕಚೇರಿಯ ಕಟ್ಟೆಯ ಮೇಲೆ ಒಗೆದ ಬಿಳಿ ಅಂಗಿ ತೊಟ್ಟು, ಕಾಲು ಇಳಿಬಿಟ್ಟು, ನನ್ನನ್ನೇ ನೋಡುತ್ತ ಕುಳಿತಿದ್ದರು. ಹನ್ನೊಂದು ವರ್ಷ ದಿನಾ ಬೆಳಿಗ್ಗೆ ‘ಇವ್ನಿ’ ಎಂದಿದ್ದ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡಿತ್ತು.

“ಮುನಿಯಪ್ಪಾರ! ತಪ್ಪಾತ್ರೀ” ಎಂದು ಹೆಸರಿಗೆ ಗೀಟು ಎಳೆಯಲು ಹೋದೆ. ಅವರು ಕೈ ಎತ್ತಿ ತಡೆದರು.

“ತಾಳಿ ಮೇಡಂ. ಇನ್ನೊಂದ್ಸಲ ಕೂಗಿ. ಜೋರಾಗಿ ಕೂಗಿ.”

“ಮುನಿಯಪ್ಪ!”

ಅವರು ಆಕಾಶ ನೋಡಿದರು.

“ಮುನಿಯಪ್ಪ!”

ಕಾಲು ಆಡಿಸಿದರು. ಸಾಲಿನಲ್ಲಿದ್ದ ಹೆಂಗಸರು ನಗತೊಡಗಿದರು. ನಂಜಮ್ಮ ಸೆರಗು ಬಾಯಿಗೆ ಒತ್ತಿಕೊಂಡು, “ಕೂಗಿ ಮೇಡಂ, ಕೂಗಿ, ಇವತ್ತೊಂದಿನ ಕಿವುಡಾಗ್ಲಿ” ಎಂದಳು. ಸಾಹೇಬರು ಕಿಟಕಿಗೆ ಬಂದು ನಿಂತರು. ಇನ್ನು ಸಾಲಿನವರೆಲ್ಲ ನನ್ನ ಜೊತೆ ಸೇರಿಕೊಂಡರು. ಎಲ್ಲರೂ ಒಟ್ಟಿಗೆ, ಹೆಬ್ಬಾಳಕ್ಕೆ ಕೇಳಿಸಬೇಕು ಹಾಗೆ ಕೂಗಿದೆವು. ಕಟ್ಟೆಯ ಮೇಲಿನ ಮನುಷ್ಯ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತ, ಒಂದಕ್ಕೂ ಉತ್ತರ ಕೊಡಲಿಲ್ಲ.

ಎಷ್ಟು ಸಲ ಕೂಗಿದೆವೋ ಡೈರಿಯಲ್ಲಿಲ್ಲ. ಅವತ್ತು ನಾನು ಎಣಿಸಲಿಲ್ಲ.